ಸರಕಾರದ ಬಾಕಿ, ಗುತ್ತೇದಾರನ ಸಾಲ

1827ರಲ್ಲಿ ಸಾತಾರೆಯ ಮಹಾರಾಜರು ಜತ್ತ ಜಹಗೀರನ್ನು ಜಪ್ತಿ ಮಾಡಿಕೊಂಡರು. ಕಾರಣ ಬಂಡಾಯವೂ ಅಲ್ಲ, ಗಡಿ ತಂಟೆಯೂ ಅಲ್ಲ. ಜಹಗೀರದಾರ ಡಫಳೆಯವರ ಸಾಲ ಮಿತಿ ಮೀರಿತ್ತು. ಆ ಸಾಲವೆಲ್ಲ ತೀರಿದ ಮೇಲೆ, 1841ರಲ್ಲಿ ಜಹಗೀರು ಮತ್ತೆ ಡಫಳೆ ಮನೆತನದ ಕೈಗೆ ಬಂತು. ಅಷ್ಟಕ್ಕೇ ಕಥೆ ಮುಗಿಯಲಿಲ್ಲ. ಜತ್ತದ ಹಣಕಾಸನ್ನು ಸರಿಪಡಿಸಲು ಬ್ರಿಟಿಷರು ಒಂದಕ್ಕಿಂತ ಹೆಚ್ಚು ಸಲ ನಡುವೆ ಬಂದರು. 1874ರಿಂದ 1885ರವರೆಗೆ ಸಂಸ್ಥಾನದ ಆಡಳಿತವನ್ನೇ ನೇರವಾಗಿ ವಹಿಸಿಕೊಂಡರು.

ಸಾಲಗಾರ ದೊರೆಯಾಗಿದ್ದರೆ ವಸೂಲಿಗೆ ದಾರಿಯಿರುತ್ತದೆ. ಊರುಗಳಿವೆ, ಊರುಗಳಿಂದ ಹುಟ್ಟುವಳಿ ಬರುತ್ತದೆ, ಹತ್ತು ವರ್ಷ ಕಾದರೂ ಗಂಟು ಕೈಸೇರುತ್ತದೆ. ಹೊಲ ಇದ್ದವನಿಗೆ ಹೊಲದ ಮೇಲೆ, ಬಂಗಾರ ಇದ್ದವನಿಗೆ ಬಂಗಾರದ ಮೇಲೆ ಸಾಲ ಸಿಗುವುದೂ ಇದೇ ಲೆಕ್ಕದಲ್ಲಿ. ಆದರೆ ಆ ಊರುಗಳಲ್ಲಿ ಬಾವಿ ತೋಡಿದವರು, ಒಡ್ಡು ಹಾಕಿದವರು, ಗೋಡೆ ಎತ್ತಿದವರು ಯಾವುದನ್ನು ಅಡವಿಟ್ಟು ಹಣ ತರಬೇಕಿತ್ತು? ಕಟ್ಟಿದ ಕೆಲಸ ಮುಗಿದ ದಿನವೇ ಬೇರೆಯವರ ಸೊತ್ತು. ಕಟ್ಟಿದವನ ಕೈಯಲ್ಲಿ ಉಳಿಯುವುದು ಬರಬೇಕಾದ ಹಣ ಮಾತ್ರ. ಜತ್ತ ಸೀಮೆಯ ಸಣ್ಣ ಗುತ್ತೇದಾರರ ಸಾಲದ ಇತಿಹಾಸವೆಂದರೆ ಈ ‘ಬರಬೇಕಾದ ಹಣ’ವನ್ನು ಯಾವ ಬ್ಯಾಂಕೂ ಪೂರ್ತಿ ನಂಬದೇ ಹೋದದ್ದರ ಇತಿಹಾಸ.

ಜತ್ತ ಇಂದು ಸಾಂಗಲಿ ಜಿಲ್ಲೆಯ ಅತಿ ದೊಡ್ಡ ತಾಲೂಕು. ವಿಸ್ತಾರ 2,200 ಚದರ ಕಿಲೋಮೀಟರಿಗೂ ಮಿಗಿಲು. ಪಶ್ಚಿಮಕ್ಕೆ ಮರಾಠಿ ಹೆಚ್ಚು, ಪೂರ್ವಕ್ಕೆ ಉಮದಿ, ಸಂಖ, ತಿಕ್ಕುಂಡಿ, ಬಿಳೂರು, ಗುಡ್ಡಾಪುರದ ಕಡೆ ಕನ್ನಡ ಹೆಚ್ಚು. ಒಂದು ಬದಿಗೆ ಅಥಣಿ, ಇನ್ನೊಂದು ಬದಿಗೆ ವಿಜಯಪುರ, ಮತ್ತೊಂದು ಬದಿಗೆ ಮಂಗಳವೇಢೆ. ಮಳೆಯ ನೆರಳಿನ ಈ ನೆಲದಲ್ಲಿ ಬೋರ ನದಿ ವರ್ಷದ ಹೆಚ್ಚು ತಿಂಗಳು ಮರಳಾಗಿಯೇ ಇರುತ್ತದೆ. ಮಳೆ ಕೈಕೊಟ್ಟಾಗ ಕಬ್ಬು ಕಡಿಯಲು ಕೃಷ್ಣಾ ತೀರಕ್ಕೆ ಟೋಳಿ ಕಟ್ಟಿಕೊಂಡು ಹೋಗುವುದು ಇಲ್ಲಿಯ ರೂಢಿ. ಊರಲ್ಲೇ ಉಳಿದವರಿಗೆ ಇದ್ದ ಇನ್ನೊಂದು ದಾರಿ ಕಟ್ಟಡದ ಕೆಲಸ.

ಹಳೆಯ ಕಾಲದಲ್ಲಿ ಈ ಕೆಲಸಕ್ಕೆ ಕಸುಬುದಾರರೇ ಇದ್ದರು. ಕಲ್ಲು ಒಡೆಯುವ ಮತ್ತು ಮಣ್ಣು ಅಗೆಯುವ ವಡ್ಡರು, ಗೋಡೆ ಕಟ್ಟುವ ಗೌಂಡಿಗಳು, ಮರಗೆಲಸದ ಬಡಿಗೇರರು. ಮಣ್ಣಿನ ಕೆಲಸದ ಅಳತೆ ಸರಳವಾಗಿತ್ತು: ಅಗೆದ ಗುಂಡಿಯ ನಡುವೆ ಮಣ್ಣಿನ ದಿಮ್ಮಿಗಳನ್ನು ಹಾಗೇ ಬಿಟ್ಟು, ಅವುಗಳ ಎತ್ತರದಿಂದ ಎಷ್ಟು ಅಗೆದರೆಂದು ಲೆಕ್ಕ ಹಾಕುತ್ತಿದ್ದರು. ಮನೆ ಕಟ್ಟಿಸುವವನು ಕಲ್ಲು, ಸುಣ್ಣ, ಮರ ತಾನೇ ತಂದುಕೊಡುತ್ತಿದ್ದ. ಕೆಲಸದವರಿಗೆ ಕಾಳು, ಮುಂಗಡ, ಮುಗಿದ ಮೇಲೆ ಉಳಿದ ಕೂಲಿ. ಈ ಏರ್ಪಾಟಿನಲ್ಲಿ ಬಂಡವಾಳ ಹಾಕುವ ಭಾರ ಕಟ್ಟುವವನ ಮೇಲೆ ಇರಲಿಲ್ಲ. ಅದನ್ನು ಅವನ ತಲೆಗೆ ತಂದದ್ದು ಆಮೇಲೆ ಬಂದ ಟೆಂಡರು.

ಡಾಲ್‌ಹೌಸಿಯ ಕಾಲದಲ್ಲಿ, 1854ರಲ್ಲಿ, ಲೋಕೋಪಯೋಗಿ ಇಲಾಖೆ ಹುಟ್ಟಿತು. ಅದರ ಜೊತೆಗೇ ಅಳತೆ ಪುಸ್ತಕ, ದರಪಟ್ಟಿ, ಠೇವಣಿ, ಕರಾರುಪತ್ರ ಎಲ್ಲವೂ ಬಂದವು. ಮುಂಬೈ ಪ್ರಾಂತದ ಟೆಂಡರು ನಮೂನೆಗಳು ಎಷ್ಟು ಗಟ್ಟಿಯೆಂದರೆ ಬಿ-1, ಬಿ-2 ಎಂಬ ಹೆಸರುಗಳು ಮಹಾರಾಷ್ಟ್ರದ ಕಚೇರಿಗಳಲ್ಲಿ ಇಂದಿಗೂ ಓಡಾಡುತ್ತಿವೆ. ಅಂದಾಜು ಮೊತ್ತಕ್ಕಿಂತ ಶೇಕಡಾ ಇಷ್ಟು ಕಡಿಮೆ ಅಥವಾ ಹೆಚ್ಚು ಎಂದು ಬರೆದುಕೊಡುವುದು ಬಿ-1. ಒಂದೊಂದು ಬಾಬಿಗೂ ಬೇರೆ ಬೇರೆ ದರ ಬರೆಯುವುದು ಬಿ-2. ಯಾವ ನಮೂನೆಯಾದರೂ ತಿರುಳು ಒಂದೇ: ಮೊದಲು ಗುತ್ತೇದಾರ ತನ್ನ ಹಣ ಹಾಕಬೇಕು, ಎಂಜಿನಿಯರು ಅಳೆದು ಬರೆದ ಮೇಲೆ ಸರಕಾರ ಕೊಡುತ್ತದೆ.

1876-78ರ ಘೋರ ಬರದ ನಂತರ ಈ ಸೀಮೆಯ ಸುತ್ತ ದೊಡ್ಡ ಕೆಲಸಗಳು ಶುರುವಾದವು. ವಿಜಯಪುರದ ಮೇಲೆ ಹಾದುಹೋಗುವ ಹೊಟಗಿ-ಗದಗ ರೈಲುಮಾರ್ಗ 1884ರಲ್ಲಿ ಓಡಾಟಕ್ಕೆ ತೆರೆಯಿತು. ಉತ್ತರಕ್ಕೆ ಬಾರ್ಶಿ ಲೈಟ್ ರೈಲ್ವೆಯ ಸಣ್ಣ ಹಳಿ 1906ಕ್ಕೆ ಪಂಢರಪುರ ಮುಟ್ಟಿ, 1927ಕ್ಕೆ ಮಿರಜಿನವರೆಗೆ ಬಂತು. ‘ಜತ್ ರೋಡ್’ ಎಂಬ ಸ್ಟೇಶನ್ನು ಹುಟ್ಟಿದ್ದು ಈ ಹಾದಿಯ ಮೇಲೆ.

ಇದೇ ಬಾರ್ಶಿ ರೈಲಿನ ಮಣ್ಣು ಕೆಲಸದಿಂದ ದೇಶದ ದೊಡ್ಡ ಗುತ್ತೇದಾರನೊಬ್ಬ ಎದ್ದುಬಂದ. ಸೊಲ್ಲಾಪುರದ ವಾಲಚಂದ ಹಿರಾಚಂದ, ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರ ಜೊತೆ ಪಾಲುದಾರಿಕೆ ಮಾಡಿ 1903ರ ಸುಮಾರಿಗೆ ಬಾರ್ಶಿ ಲೈಟ್ ರೈಲ್ವೆಯ ಗುತ್ತಿಗೆ ಹಿಡಿದರು. ಫಾಟಕರಿಗೆ ಕೆಲಸ ಗೊತ್ತಿತ್ತು, ರೈಲ್ವೆ ಸಾಹೇಬರು ಗೊತ್ತಿದ್ದರು. ವಾಲಚಂದರ ಮನೆಯಲ್ಲಿ ಲೇವಾದೇವಿ ಮತ್ತು ಹತ್ತಿಯ ವ್ಯಾಪಾರದ ಹಣವಿತ್ತು. ಬಿಲ್ಲು ತಡವಾದರೆ ಕೂಲಿಯವರಿಗೆ ಕೊಡಲು ಬೇರೆ ಸಾವಕಾರನ ಬಾಗಿಲು ತಟ್ಟಬೇಕಾಗಿರಲಿಲ್ಲ, ಸಾವಕಾರಿ ಮನೆಯೊಳಗೇ ಇತ್ತು. ಅಲ್ಲಿಂದ ಭೋರ್ ಘಾಟಿನ ಸುರಂಗಗಳು, 1926ರಲ್ಲಿ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ. ಕೆಲಸ ಬಲ್ಲ ಎಷ್ಟೋ ಮೇಸ್ತ್ರಿಗಳು ಮೇಸ್ತ್ರಿಗಳಾಗಿಯೇ ಉಳಿದರು.

ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಥೆಯೂ ಇದಕ್ಕೆ ಹತ್ತಿರ. ಬೆಳಗಾವಿಯ ಕಾರಖಾನೆಯನ್ನು ಅಲ್ಲಿಂದ ಎತ್ತಬೇಕಾಗಿ ಬಂದ ಹೊತ್ತಿನಲ್ಲಿ ಅವರಿಗೆ ಕಟ್ಟಡದ ಕೆಲಸ ಕೊಟ್ಟು ಕರೆಸಿಕೊಂಡವರು ಔಂಧ ಸಂಸ್ಥಾನದ ದೊರೆ. ಮುಂದೆ ಕುಂಡಲ ಸ್ಟೇಶನ್ನಿನ ಹತ್ತಿರ 32 ಎಕರೆ ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟವರು ಅವರೇ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು, ಇಂದು ಅದೂ ಸಾಂಗಲಿ ಜಿಲ್ಲೆಯಲ್ಲೇ ಇದೆ. ಒಬ್ಬರಿಗೆ ಮನೆತನದ ಹಣ ಒದಗಿತು, ಮತ್ತೊಬ್ಬರಿಗೆ ದೊರೆಯ ಕೃಪೆ ಒದಗಿತು. ಈ ಎರಡರಲ್ಲಿ ಯಾವುದೂ ಇಲ್ಲದವನಿಗೆ ಆ ಕಾಲದಲ್ಲಿ ಸಾವಕಾರನೇ ಗತಿ.

ಸಾವಕಾರಿಯ ಮೇಲಿನ ಸಿಟ್ಟು 1875ರಲ್ಲೇ ಪುಣೆ, ಅಹಮದನಗರದ ಹಳ್ಳಿಗಳಲ್ಲಿ ಭುಗಿಲೆದ್ದು ಸಾಲಪತ್ರಗಳು ಬೂದಿಯಾಗಿದ್ದವು. ಸರಕಾರ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ತಂದಿತು, 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಮುಂಬೈ ಪ್ರಾಂತದ ಸಹಕಾರ ಚಳವಳಿ ಹೀಗೆ ಕನ್ನಡದ ನೆಲದಿಂದಲೇ ಹೆಜ್ಜೆ ಇಟ್ಟಿತು. ಈ ಎಲ್ಲ ಕಾಯ್ದೆಗಳ ಕಣ್ಣು ರೈತನ ಮೇಲಿತ್ತು. ಬಿತ್ತನೆಗೆ ಸಾಲ, ಸುಗ್ಗಿಗೆ ವಸೂಲಿ ಎಂಬ ಲೆಕ್ಕ. ಗೌಂಡಿಯ ಸುಗ್ಗಿ ಯಾವಾಗ ಬರುತ್ತದೆಂದು ಯಾವ ಸಂಘದ ಸೆಕ್ರೆಟರಿಯೂ ಹೇಳಬಲ್ಲವನಾಗಿರಲಿಲ್ಲ. ಜತ್ತದಂಥ ಸಂಸ್ಥಾನದೊಳಗಂತೂ ಬ್ರಿಟಿಷ್ ಪ್ರಾಂತದ ಕಾಯ್ದೆಗಳು ತಾವಾಗಿ ಜಾರಿಗೆ ಬರುತ್ತಿರಲಿಲ್ಲ.

ಬ್ಯಾಂಕುಗಳು ಹುಟ್ಟುತ್ತಿದ್ದವು, ನಿಜ. 1916ರಲ್ಲಿ ಸಾಂಗಲಿ ಬ್ಯಾಂಕ್, 1929ರಲ್ಲಿ ಮಿರಜ್ ಸ್ಟೇಟ್ ಬ್ಯಾಂಕ್, 1936ರಲ್ಲಿ ಸಾತಾರೆಯ ಯುನೈಟೆಡ್ ವೆಸ್ಟರ್ನ್ ಬ್ಯಾಂಕ್, 1943ರಲ್ಲಿ ಕೊಲ್ಲಾಪುರದ ರತ್ನಾಕರ ಬ್ಯಾಂಕ್. ಕರಾವಳಿಯ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿ ತಂದು, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಹಣ ಕೂಡಿಸಿತು. ಆ ಪಿಗ್ಮಿ ಮುಂದೆ ಹೆಸರಿನ ಸಮೇತ ಮಹಾರಾಷ್ಟ್ರದ ಪೇಟೆಗಳಿಗೂ ಹಬ್ಬಿತು. ಈ ಬ್ಯಾಂಕುಗಳ ಮ್ಯಾನೇಜರು ಗಿರಾಕಿಯನ್ನು ಮುಖ ನೋಡಿ ಗುರುತಿಸುತ್ತಿದ್ದ, ಅವನ ಅಪ್ಪನ ವ್ಯವಹಾರವನ್ನೂ ಬಲ್ಲವನಾಗಿದ್ದ. ಆದರೆ ಅವು ಪೇಟೆಯ ಬ್ಯಾಂಕುಗಳು. ಅರಿಸಿನ, ಬೆಲ್ಲ, ಕಾಳಿನ ವ್ಯಾಪಾರಕ್ಕೆ ಒಗ್ಗಿದವು. ಗೋದಾಮಿನಲ್ಲಿರುವ ಅರಿಸಿನಕ್ಕೆ ಬೀಗ ಹಾಕಬಹುದು. ಅರ್ಧ ಎದ್ದ ಸೇತುವೆಗೆ ಬೀಗ ಹಾಕಲು ಬರುವುದಿಲ್ಲ.

1948ರ ಮಾರ್ಚಿನಲ್ಲಿ ದಖ್ಖನ್ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು, ಜತ್ತವೂ ಸೇರಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ಆಯಿತು, 1960ರಲ್ಲಿ ಅದಕ್ಕೆ ಸಾಂಗಲಿ ಎಂಬ ಹೆಸರು ಬಂತು. ಇದೇ ಹೊತ್ತಿಗೆ ರಿಸರ್ವ್ ಬ್ಯಾಂಕು ಗೋರವಾಲಾ ಸಮಿತಿಯಿಂದ ನಡೆಸಿದ ಗ್ರಾಮೀಣ ಸಾಲದ ಸಮೀಕ್ಷೆ 1954ರಲ್ಲಿ ಹೊರಬಂತು. ಹಳ್ಳಿಯ ಸಾಲದಲ್ಲಿ ಲೇವಾದೇವಿದಾರರ ಪಾಲು ಶೇಕಡಾ 70ರ ಹತ್ತಿರ, ಸಹಕಾರಿ ಸಂಘಗಳದ್ದು 3.1, ವಾಣಿಜ್ಯ ಬ್ಯಾಂಕುಗಳದ್ದು 0.9. ಒಂದು ಶೇಕಡಾ ಕೂಡ ತುಂಬದ ಆ ಪಾಲಿನಲ್ಲಿ ಹಳ್ಳಿಯ ಗುತ್ತೇದಾರನನ್ನು ಹುಡುಕುವುದೇ ವ್ಯರ್ಥ.

ಕೆಲಸಗಳಿಗೆ ಮಾತ್ರ ಬರವಿರಲಿಲ್ಲ. 1962ರ ಮೇ 1ರಂದು ಜಿಲ್ಲಾ ಪರಿಷತ್ತುಗಳು ಬಂದ ಮೇಲೆ ಶಾಲೆಯ ಕೋಣೆ, ಹಳ್ಳಿ ರಸ್ತೆ, ಕುಡಿಯುವ ನೀರಿನ ಬಾವಿ, ಸಣ್ಣ ಸೇತುವೆ ಎಂದು ಚಿಕ್ಕ ಚಿಕ್ಕ ಟೆಂಡರುಗಳು ತಾಲೂಕಿಗೆ ಇಳಿದವು. ಪೂರ್ವ ಭಾಗದ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳ ಗೋಡೆಗಳೂ ಇಂಥ ಕೆಲಸಗಳಿಂದಲೇ ಎದ್ದವು. ಜಿನುಗು ಕೆರೆಗಳು, ಕೊಲ್ಲಾಪುರ ಮಾದರಿಯ ಬಂಧಾರಗಳು, ಸಂಖ ಮತ್ತು ದೊಡ್ಡನಾಲಾದಂಥ ಮಧ್ಯಮ ಯೋಜನೆಗಳು ಬಂದವು. ನಿನ್ನೆಯ ಮೇಸ್ತ್ರಿ ಇಂದು ‘ನೋಂದಾಯಿತ ಗುತ್ತೇದಾರ’ನಾದ.

ನೋಂದಣಿಗೆ ಕೇಳಿದ ಕಾಗದಗಳಲ್ಲಿ ಒಂದು ಸಾಲ್ವೆನ್ಸಿ ಸರ್ಟಿಫಿಕೇಟು, ಮರಾಠಿಯ ಐಪತ್ ದಾಖಲಾ. ಈ ಮನುಷ್ಯನ ತಾಕತ್ತು ಎಷ್ಟು ರೂಪಾಯಿಯದು ಎಂದು ತಹಸೀಲ್ದಾರನೋ ಬ್ಯಾಂಕೋ ಬರೆದುಕೊಡುವ ಚೀಟಿ ಅದು. ತಾಕತ್ತನ್ನು ಅಳೆಯುವುದು ಸಾತಬಾರಾ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವ ಹೊಲದಿಂದ, ಪೇಟೆಯಲ್ಲಿರುವ ಮನೆಯಿಂದ. ವಾಳವಾ ತಾಲೂಕಿನ ಕಬ್ಬಿನ ಎರಡು ಎಕರೆಗೆ ಸಿಗುವ ಬೆಲೆ ಜತ್ತದ ಪೂರ್ವ ಭಾಗದ ಒಣ ಹೊಲಕ್ಕೆ ಎಲ್ಲಿಂದ ಬರಬೇಕು? ಅದೇ ಉತಾರದ ಮೇಲೆ ಸೊಸೈಟಿಯ ಬೆಳೆಸಾಲದ ಬೋಜಾ ಬೇರೆ. ಹೀಗೆ ಕೆಲಸದ ಅನುಭವ ಒಂದೇ ಇದ್ದರೂ ನೆಲ ಒಣಗಿದ ಸೀಮೆಯವನು ಕೆಳಗಿನ ವರ್ಗದಲ್ಲೇ ಉಳಿದ, ಚಿಕ್ಕ ಟೆಂಡರುಗಳಲ್ಲೇ ತಿರುಗಿದ.

1972ರ ಬರ ಈ ಕಥೆಗೆ ಇನ್ನೊಂದು ತಿರುವು ಕೊಟ್ಟಿತು. ಸಾಂಗಲಿ ಜಿಲ್ಲೆಯ ತಾಸಗಾವ ತಾಲೂಕಿನ ವಿಸಾಪುರದಲ್ಲಿ ವಿ. ಸ. ಪಾಗೆಯವರು 1965ರಲ್ಲೇ ಮಾಡಿ ನೋಡಿದ್ದ ಪ್ರಯೋಗ ರಾಜ್ಯದ ಉದ್ಯೋಗ ಖಾತ್ರಿ ಯೋಜನೆಯಾಗಿ ಬೆಳೆಯಿತು. 1977ರಲ್ಲಿ ಕಾಯ್ದೆಯಾಗಿ 1979ರ ಜನವರಿ 26ರಿಂದ ಜಾರಿಗೆ ಬಂತು. ಕೇಳಿದವರಿಗೆ ಕೆಲಸ ಕೊಡಲೇಬೇಕು, ಆದರೆ ಗುತ್ತೇದಾರನಿಗೆ ಅಲ್ಲಿ ಜಾಗವಿಲ್ಲ ಎಂಬುದು ಅದರ ಗಟ್ಟಿ ನಿಯಮ. 2005ರ ರಾಷ್ಟ್ರೀಯ ಉದ್ಯೋಗ ಖಾತ್ರಿ ಕಾಯ್ದೆಯೂ ಅದನ್ನೇ ಎತ್ತಿಕೊಂಡಿತು. ಕೂಲಿಯವನ ದುಡ್ಡಿನಲ್ಲಿ ನಡುವಿನವನು ಕೈಹಾಕಬಾರದೆಂಬ ನ್ಯಾಯ ಅದರ ಹಿಂದಿತ್ತು. ಜತ್ತದಲ್ಲಿ ಬರಗಾಲದ ಸಾಲು ಸಾಲು ಮಣ್ಣು ಕೆಲಸಗಳು ಹೀಗೆ ಸಣ್ಣ ಗುತ್ತೇದಾರನ ಕೈತಪ್ಪಿದವು.

ಅವನಿಗೆ ಇನ್ನೊಂದು ಬಾಗಿಲು ತೆರೆದದ್ದು ಮಜೂರ ಸಹಕಾರಿ ಸಂಸ್ಥೆಗಳು. ಈ ವಿಚಾರ ಇಟಲಿಯಿಂದ ಶುರುವಾದದ್ದು. 1883ರಲ್ಲಿ ರವೆನ್ನಾದ ಮಣ್ಣು ಕೂಲಿಗಳು ಸಂಘ ಕಟ್ಟಿಕೊಂಡು ತಾವೇ ಸರಕಾರಿ ಗುತ್ತಿಗೆ ಹಿಡಿದರು. 1889ರ ಕಾಯ್ದೆ ಇಂಥ ಸಂಘಗಳಿಗೆ ಒಂದು ಲಕ್ಷ ಲಿರಾವರೆಗಿನ ಕೆಲಸಗಳನ್ನು ಬಹಿರಂಗ ಹರಾಜಿಲ್ಲದೆ ಕೊಡಲು ಒಪ್ಪಿತು. ಮುಂಗಡ ಠೇವಣಿಯ ಬದಲು ಪ್ರತಿ ಕಂತಿನಿಂದ ಹತ್ತನೆಯ ಒಂದು ಪಾಲು ಹಿಡಿದಿಟ್ಟುಕೊಂಡರೆ ಸಾಕೆಂದಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಮುಂಬೈ ಪ್ರಾಂತದ ಮಂತ್ರಿಯಾಗಿದ್ದ ವೈಕುಂಠಲಾಲ್ ಮೆಹತಾ ಸಹಕಾರಿ ಬ್ಯಾಂಕಿನಲ್ಲೇ ಪಳಗಿದವರು. ಅವರ ಕಾಲದಲ್ಲಿ ಅರಣ್ಯ ಕೂಲಿಗಳ ಸಂಘಗಳು ಬೇರೂರಿದವು, ಕಟ್ಟಡದ ಕೂಲಿಗಳ ಸಂಘಗಳಿಗೂ ಹಾದಿಯಾಯಿತು. ಮುಂದೆ ಮಹಾರಾಷ್ಟ್ರ ಸರಕಾರ ಸಣ್ಣ ಕೆಲಸಗಳನ್ನು ಮೂರು ಪಾಲು ಮಾಡಿತು: ಶೇಕಡಾ 33 ಮಜೂರ ಸಂಸ್ಥೆಗಳಿಗೆ, 33 ನಿರುದ್ಯೋಗಿ ಎಂಜಿನಿಯರರಿಗೆ, ಉಳಿದ 34 ಬಾಕಿ ಗುತ್ತೇದಾರರಿಗೆ.

ಕೆಲಸ ಹಂಚುವ ವ್ಯವಸ್ಥೆ ಬಂತು, ಕೆಲಸಕ್ಕೆ ಹಣ ಒದಗಿಸುವ ವ್ಯವಸ್ಥೆ ಹಿಂದೆಯೇ ಉಳಿಯಿತು. ಸಂಸ್ಥೆಯ ಸದಸ್ಯರು ಕೂಲಿಗಳಾದರೆ ಸಿಮೆಂಟಿಗೆ ಹಣ ಹಾಕುವವರು ಯಾರು? ಹಣವಿದ್ದವನು ಹಿಂದೆ ನಿಂತು ಸಂಸ್ಥೆಯ ಹೆಸರನ್ನು ಮುಂದಿಡುವ ಚಾಳಿ ಹಾಗೆ ಬೆಳೆಯಿತು. 2022ರಲ್ಲಿ ಮುಂಬೈ ಜಿಲ್ಲಾ ಸಹಕಾರಿ ಬ್ಯಾಂಕಿಗೆ ಮಜೂರ ಕ್ಷೇತ್ರದಿಂದ ಹೋಗಿದ್ದ ದೊಡ್ಡ ರಾಜಕೀಯ ನಾಯಕರೊಬ್ಬರು ಮಜೂರರೇ ಅಲ್ಲವೆಂದು ಸಹಕಾರ ಇಲಾಖೆ ಅವರ ಸದಸ್ಯತ್ವವನ್ನು ಅನರ್ಹಗೊಳಿಸಿದಾಗ ಈ ಚಾಳಿ ರಾಜ್ಯಕ್ಕೆಲ್ಲ ಕಾಣಿಸಿತು.

ಬ್ಯಾಂಕುಗಳ ಕಡೆಗೆ ಮರಳಿದರೆ, 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಒಂದೊಂದು ಜಿಲ್ಲೆಗೆ ಒಂದೊಂದು ಅಗ್ರಣಿ ಬ್ಯಾಂಕು ಎಂಬ ಏರ್ಪಾಟಿನಲ್ಲಿ ಸಾಂಗಲಿ ಜಿಲ್ಲೆ ಬ್ಯಾಂಕ್ ಆಫ್ ಇಂಡಿಯಾದ ಪಾಲಿಗೆ ಬಂತು. ಸಾಲದ ಮೂರನೆಯ ಒಂದು ಪಾಲು, ಆಮೇಲೆ ಶೇಕಡಾ 40, ಆದ್ಯತಾ ವಲಯಕ್ಕೆ ಹೋಗಬೇಕೆಂದು ಗುರಿ ಗೊತ್ತಾಯಿತು. ಆ ವಲಯದ ಮುಂದಿನ ಸಾಲಿನಲ್ಲಿ ಬೇಸಾಯವಿತ್ತು, ಸಣ್ಣ ಕೈಗಾರಿಕೆಯಿತ್ತು. ಗುತ್ತೇದಾರನಿಗೆ ಹೊಲದ ಬೆಳೆಯೂ ಇಲ್ಲ, ಕಾರಖಾನೆಯ ಶೆಡ್ಡೂ ಇಲ್ಲ. ಸಣ್ಣ ಕೈಗಾರಿಕೆಯೆಂದರೆ ತಯಾರಿಕೆ ಎಂಬುದೇ ಆಗಿನ ಮುಖ್ಯ ಲೆಕ್ಕ. ಅವನಂಥವರ ಸೇವೆಯನ್ನೂ ಸಣ್ಣ ಉದ್ಯಮವೆಂದು ಕಾಯ್ದೆ ಸ್ಪಷ್ಟವಾಗಿ ಒಪ್ಪಿದ್ದು 2006ರ ಎಂ.ಎಸ್.ಎಂ.ಇ. ಕಾಯ್ದೆಯಲ್ಲಿ. ಈ ನಡುವೆ 1992ರಲ್ಲಿ ನಾಯಕ್ ಸಮಿತಿ ಸಣ್ಣ ಘಟಕಗಳಿಗೆ ವರ್ಷದ ವಹಿವಾಟಿನ ಶೇಕಡಾ 20ರಷ್ಟು ದುಡಿಯುವ ಬಂಡವಾಳ ಕೊಡಬೇಕೆಂದಿತ್ತು. ಅಂಗಡಿಯ ವಹಿವಾಟು ತಿಂಗಳಿಂದ ತಿಂಗಳಿಗೆ ಸಮ ಹರಿಯುತ್ತದೆ. ಗುತ್ತೇದಾರನ ವಹಿವಾಟು ಮಾರ್ಚಿ ಕೊನೆಯ ವಾರದಲ್ಲಿ ಒಮ್ಮೆಲೇ ನುಗ್ಗಿ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಬತ್ತಿರುತ್ತದೆ.

ಬಿಲ್ಲಿನ ಹಾದಿ ನೋಡಿದರೆ ಬ್ಯಾಂಕಿನವನ ಅಂಜಿಕೆಗೂ ಅರ್ಥವಿದೆ ಅನಿಸುತ್ತದೆ. ಟೆಂಡರು ಹಾಕುವಾಗ ಇ.ಎಂ.ಡಿ. ಎಂಬ ಮುಂಗಡ ಠೇವಣಿ ಕಟ್ಟಬೇಕು. ಕೆಲಸ ಸಿಕ್ಕರೆ ಭದ್ರತಾ ಠೇವಣಿ ಇಡಬೇಕು, ಇಲ್ಲವೇ ಬ್ಯಾಂಕ್ ಗ್ಯಾರಂಟಿ ತರಬೇಕು, ಆ ಗ್ಯಾರಂಟಿಗೆ ಬ್ಯಾಂಕು ಮತ್ತೆ ಠೇವಣಿ ಕೇಳುತ್ತದೆ. ಖಡಿ, ಮರಳು, ಸಿಮೆಂಟು, ಕಬ್ಬಿಣ, ವಾರದ ಬಟವಾಡೆ ಎಲ್ಲ ಮೊದಲೇ ಆಗಬೇಕು. ಕೆಲಸ ಒಂದು ಹಂತಕ್ಕೆ ಬಂದಾಗ ಎಂಜಿನಿಯರು ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಅಳತೆ ಬರೆದ ಮೇಲೆ ರನ್ನಿಂಗ್ ಬಿಲ್ಲು. ಅದರಲ್ಲೂ ಆದಾಯ ತೆರಿಗೆಗೆ ಶೇಕಡಾ 1, ಜಿ.ಎಸ್.ಟಿ. ಹಿಡಿತ 2, ಕಾರ್ಮಿಕ ಕಲ್ಯಾಣ ಸೆಸ್ 1. ಹತ್ತು ಲಕ್ಷದ ಬಿಲ್ಲಾದರೆ ಈ ಮೂರಕ್ಕೇ 40,000 ರೂಪಾಯಿ ಹೋಗುತ್ತದೆ. ದೋಷ ತೀರಿಸುವ ಅವಧಿ ಮುಗಿಯುವವರೆಗೆ ಇಲಾಖೆ ಇಟ್ಟುಕೊಳ್ಳುವ ಪಾಲು ಬೇರೆ. ಸರಕಾರಿ ಕಾಮಗಾರಿಯ ಮೇಲಿನ ಜಿ.ಎಸ್.ಟಿ. 2022ರಲ್ಲಿ 12ರಿಂದ 18ಕ್ಕೆ ಏರಿತು. ಇಷ್ಟೆಲ್ಲ ದಾಟಿದ ಮೇಲೂ ‘ನಿಧಿ ಬಂದಿಲ್ಲ’ ಎಂಬ ಒಂದು ಮಾತು ಬಿಲ್ಲನ್ನು ಕಟ್ಟಿಹಾಕುತ್ತದೆ. ಬ್ಯಾಂಕಿಗೆ 90 ದಿನ ಕಂತು ಬಾರದಿದ್ದರೆ ಖಾತೆ ಎನ್.ಪಿ.ಎ., ಅಂದರೆ ಕೆಟ್ಟ ಸಾಲ; ಆ ಕಟ್ಟುನಿಟ್ಟು 2004ರಿಂದ. ಸರಕಾರ ಗುತ್ತೇದಾರನಿಗೆ 90 ದಿನದಲ್ಲಿ ಕೊಡದಿದ್ದರೆ ಸರಕಾರದ ಖಾತೆಗೆ ಅಂಥ ಹೆಸರಿಲ್ಲ.

ಹಾಗಾಗಿ ಜತ್ತದಂಥ ಪೇಟೆಗಳಲ್ಲಿ ಸಣ್ಣ ಗುತ್ತೇದಾರನ ನಿಜವಾದ ಬ್ಯಾಂಕು ಬೇರೆ ಕಡೆ ಬೆಳೆಯಿತು. ಮೊದಲನೆಯದು ಸಿಮೆಂಟು-ಕಬ್ಬಿಣದ ಅಂಗಡಿ. ಉದ್ರಿಯಲ್ಲಿ ಮಾಲು, ದರದಲ್ಲೇ ಸೇರಿಕೊಂಡ ಬಡ್ಡಿ. ಎರಡನೆಯದು ಪತಸಂಸ್ಥೆ, ಅಂದರೆ ಪತ್ತಿನ ಸಹಕಾರಿ ಸಂಘ: ದಿನಾ ಪಿಗ್ಮಿ ಕಟ್ಟಿದವನಿಗೆ ಜಾಮೀನುದಾರರ ಸಹಿಯ ಮೇಲೆ ಸಾಲ, ಬಡ್ಡಿ ಜಾಸ್ತಿ, ಆದರೆ ಎರಡು ದಿನದಲ್ಲಿ ಹಣ. ಮೂರನೆಯದು ಮನೆಯ ಹೆಂಗಸರ ಬಂಗಾರ. ನಾಲ್ಕನೆಯದು ಬಲು ವಿಚಿತ್ರ. ಕೆಲಸಕ್ಕೆ ಸಾಲ ಕೊಡದ ಸಂಸ್ಥೆಗಳು ಜೆ.ಸಿ.ಬಿ.ಗೆ, ಟಿಪ್ಪರಿಗೆ, ಟ್ರ್ಯಾಕ್ಟರಿಗೆ ಸುಲಭವಾಗಿ ಕೊಟ್ಟವು, ಕಂತು ತಪ್ಪಿದರೆ ಎಳೆದೊಯ್ಯಲು ಯಂತ್ರ ಇರುತ್ತದಲ್ಲ. ಯಂತ್ರ ಕೊಂಡವನು ಕಂತು ತುಂಬಲು ಯಾವ ದರಕ್ಕಾದರೂ ಕೆಲಸ ಹಿಡಿಯತೊಡಗಿದ. ಟೆಂಡರಿನಲ್ಲಿ ಅಂದಾಜಿಗಿಂತ ಶೇಕಡಾ ಇಪ್ಪತ್ತು, ಇಪ್ಪತ್ತೈದು ಕಡಿಮೆ ಬರೆಯುವ ಪೈಪೋಟಿಗೆ ಇದೂ ಒಂದು ಕಾರಣ.

ಮುಖ ನೋಡಿ ಸಾಲ ಕೊಡುತ್ತಿದ್ದ ಹಳೆಯ ಬ್ಯಾಂಕುಗಳು ಈ ಹೊತ್ತಿಗೆ ಒಂದೊಂದಾಗಿ ಕಣ್ಮರೆಯಾದವು. ಮಿರಜ್ ಸ್ಟೇಟ್ ಬ್ಯಾಂಕ್ 1985ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ, ಬ್ಯಾಂಕ್ ಆಫ್ ಕರಾಡ್ 1994ರಲ್ಲಿ ಬ್ಯಾಂಕ್ ಆಫ್ ಇಂಡಿಯಾದಲ್ಲಿ, ಯುನೈಟೆಡ್ ವೆಸ್ಟರ್ನ್ 2006ರಲ್ಲಿ ಐ.ಡಿ.ಬಿ.ಐ.ಯಲ್ಲಿ, ಸಾಂಗಲಿ ಬ್ಯಾಂಕ್ 2007ರಲ್ಲಿ ಐ.ಸಿ.ಐ.ಸಿ.ಐ.ಯಲ್ಲಿ ಕರಗಿದವು. ರತ್ನಾಕರ ಬ್ಯಾಂಕು 2014ರಲ್ಲಿ ಆರ್.ಬಿ.ಎಲ್. ಆಗಿ ದೊಡ್ಡ ನಗರಗಳ ಕಡೆ ಮುಖ ಮಾಡಿತು. ಗಡಿಯಾಚೆ ಕರ್ನಾಟಕದಲ್ಲೂ ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ 2020ರಲ್ಲಿ ಹೆಸರು ಕಳೆದುಕೊಂಡವು. 2000ರಲ್ಲಿ ಹುಟ್ಟಿದ ಸಿಬಿಲ್ ಸಂಸ್ಥೆ ಸಾಲಗಾರರ ಮರುಪಾವತಿಗೆ ಅಂಕ ಕೊಡತೊಡಗಿದ ಮೇಲೆ ಮ್ಯಾನೇಜರನ ಪರಿಚಯಕ್ಕೆ ಬೆಲೆ ಉಳಿಯಲಿಲ್ಲ. ಬಿಲ್ಲು ತಡವಾಗಿ ಟ್ರ್ಯಾಕ್ಟರಿನ ಕಂತು ತಪ್ಪಿದರೆ ಅಂಕ ಇಳಿಯುತ್ತದೆ; ಯಾಕೆ ತಪ್ಪಿತೆಂದು ಅಂಕ ಕೇಳುವುದಿಲ್ಲ. ಕನ್ನಡ ಶಾಲೆಯಲ್ಲಿ ಓದಿದ ಪೂರ್ವ ಭಾಗದ ಗುತ್ತೇದಾರನಿಗೆ ಮರಾಠಿ ಕಾಗದ, ಇಂಗ್ಲಿಷ್ ಕರಾರಿನ ತೊಡಕೂ ಇದಕ್ಕೆ ಸೇರುತ್ತದೆ. ಅದಕ್ಕೊಬ್ಬ ಏಜೆಂಟು, ಅವನಿಗೊಂದು ಕಮಿಶನ್ನು.

ಸರಕಾರ ಸುಮ್ಮನೆ ಕೂತಿರಲಿಲ್ಲ. ಅಡಮಾನವಿಲ್ಲದ ಸಾಲಕ್ಕೆ ಖಾತ್ರಿ ಕೊಡುವ ಸಿ.ಜಿ.ಟಿ.ಎಂ.ಎಸ್.ಇ. 2000ದಲ್ಲಿ ಹುಟ್ಟಿತು. 2010ರಲ್ಲಿ ರಿಸರ್ವ್ ಬ್ಯಾಂಕು ಸಣ್ಣ ಉದ್ಯಮಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದಿತು. 2015ರ ಏಪ್ರಿಲಿನಲ್ಲಿ ಸಣ್ಣ ಉದ್ಯಮಗಳ ಸಾಲಕ್ಕೆ ಮುದ್ರಾ ಯೋಜನೆ ಬಂತು. 2006ರ ಕಾಯ್ದೆ 45 ದಿನದೊಳಗೆ ಸಣ್ಣವರ ಬಾಕಿ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು ಬರೆದಿದೆ. ಗುತ್ತೇದಾರನಿಗೆ ನೇರವಾಗಿ ಬೇಕಾದದ್ದು ಈ ಕೊನೆಯ ಮಾತೇ. ಆದರೆ ಕಟ್ಟಡ ಕಾಮಗಾರಿಯ ಕರಾರು ಈ ಕಾಯ್ದೆಯ ವಸೂಲಿ ವ್ಯವಸ್ಥೆಗೆ ಒಳಪಡುವುದಿಲ್ಲವೆಂದು ಬಾಂಬೆ ಹೈಕೋರ್ಟು ಒಂದಕ್ಕಿಂತ ಹೆಚ್ಚು ತೀರ್ಪುಗಳಲ್ಲಿ ಹೇಳಿತು. ಸಾಲ ಕೊಡುವಾಗ ಅವನು ಸಣ್ಣ ಉದ್ಯಮಿ, ಬಾಕಿ ಕೇಳುವಾಗ ಬೇರೆ ಯಾರೋ.

ಗಡಿಯಾಚೆಯ ಕರ್ನಾಟಕದಲ್ಲಿ ದಾರಿ ಸ್ವಲ್ಪ ಬೇರೆಯಾಯಿತು. ಅಲ್ಲಿಯ ಸರಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಗೆ ತಂದ ತಿದ್ದುಪಡಿಯಿಂದ 2017ರ ಹೊತ್ತಿಗೆ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತೇದಾರರಿಗೆ ಶೇಕಡಾ 17.15, ಪಂಗಡದವರಿಗೆ 6.95 ಮೀಸಲಾಯಿತು, 2023ರಲ್ಲಿ ಮಿತಿ ಒಂದು ಕೋಟಿಗೆ ಏರಿತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಭೋವಿ-ವಡ್ಡರಿಗೆ ಇದರಿಂದ ಕೆಲಸದ ಬಾಗಿಲು ತೆರೆಯಿತು. ಬಿಲ್ಲಿನ ಗೋಳು ಮಾತ್ರ ಎರಡೂ ಕಡೆ ಒಂದೇ. 2021ರಲ್ಲಿ ಕರ್ನಾಟಕದ ಗುತ್ತಿಗೆದಾರರ ಸಂಘ ಪ್ರಧಾನಿಗೆ ಬರೆದ ಪತ್ರ ಕಮಿಶನ್ನಿನ ಆರೋಪದಿಂದ ಹೆಸರಾಯಿತು. ಬಾಕಿ ಬಿಲ್ಲುಗಳ ದೂರು ಸರಕಾರ ಬದಲಾದ ಮೇಲೂ ನಿಲ್ಲಲಿಲ್ಲ.

2025ರ ಜುಲೈನಲ್ಲಿ ಸಾಂಗಲಿ ಜಿಲ್ಲೆಯ ಒಬ್ಬ ಯುವ ಗುತ್ತೇದಾರ ಜೀವ ಕಳೆದುಕೊಂಡ. ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್ನಿನ ಕೆಲಸದ ಹಣ ಬಾರದೆ ಸಾಲದಲ್ಲಿ ಸಿಕ್ಕಿದ್ದನೆಂದು ಗುತ್ತೇದಾರರ ಸಂಘಟನೆಗಳು ಹೇಳಿದವು. ಅವನ ಹೆಸರಿನಲ್ಲಿ ಸರಕಾರದ ಗುತ್ತಿಗೆಯೇ ಇರಲಿಲ್ಲ, ಅವನು ಉಪಗುತ್ತೇದಾರ ಎಂಬ ಉತ್ತರ ಸರಕಾರದ ಕಡೆಯಿಂದ ಬಂತು. ಒಂದು ದೃಷ್ಟಿಯಿಂದ ಎರಡೂ ಮಾತು ನಿಜವಾಗಿರಲು ಸಾಧ್ಯ. ಕಷ್ಟ ಇರುವುದು ಅಲ್ಲಿಯೇ. ಗುತ್ತಿಗೆ ಒಬ್ಬನ ಹೆಸರಿಗೆ, ಬೆವರು ಮತ್ತು ಬಂಡವಾಳ ಇನ್ನೊಬ್ಬನದು. ಆ ಇನ್ನೊಬ್ಬನ ಬಳಿ ಬ್ಯಾಂಕಿಗೆ ತೋರಿಸಲು ಒಂದು ಕಾಗದವೂ ಇರುವುದಿಲ್ಲ.

ಜತ್ತದ ಪಾಲಿಗೆ ಇದು ಮುಂದಿನ ದಿನಗಳ ಪ್ರಶ್ನೆಯೂ ಹೌದು. ಮ್ಹೈಸಾಳದಲ್ಲಿ ಕೃಷ್ಣೆಯ ನೀರೆತ್ತುವ ಯೋಜನೆ 1984ರದು. 1996ರಲ್ಲಿ ಕೃಷ್ಣಾ ಕಣಿವೆ ನಿಗಮ ಕಟ್ಟಿ, ಬಾಂಡುಗಳ ಮೂಲಕ ಜನರಿಂದ ಹಣ ಎತ್ತಿದರೂ ಪೂರ್ವ ಜತ್ತಕ್ಕೆ ನೀರು ಬರಲಿಲ್ಲ. ಕರ್ನಾಟಕಕ್ಕೆ ಸೇರುತ್ತೇವೆಂದು ಅಲ್ಲಿಯ ನಲವತ್ತರಷ್ಟು ಹಳ್ಳಿಗಳು ಹಿಂದೆ ಮಾಡಿದ್ದ ಠರಾವನ್ನು 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎತ್ತಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವಾಯಿತು. ಅದರ ಬೆನ್ನಿಗೇ ಮಹಾರಾಷ್ಟ್ರದ ಆಗಿನ ಮುಖ್ಯಮಂತ್ರಿ ಏಕನಾಥ ಶಿಂದೆ ವಿಸ್ತರಿತ ಮ್ಹೈಸಾಳ ಯೋಜನೆಗೆ ಸುಮಾರು 2,000 ಕೋಟಿ ರೂಪಾಯಿ ಘೋಷಿಸಿದರು. ಅಷ್ಟು ದೊಡ್ಡ ಟೆಂಡರಿನ ಹತ್ತಿರ ಜತ್ತದ ಗುತ್ತೇದಾರ ಸುಳಿಯಲಾರ. ಇಂಥ ಯೋಜನೆಗಳಲ್ಲಿ ಅವನ ಪಾಲಿಗೆ ಬರುವುದು ಪೈಪು ಹೂಳುವ ಅಗೆತ, ಚೇಂಬರು, ಕಾಲುವೆಯ ತುಣುಕು. ದೊಡ್ಡ ಕಂಪನಿಯಿಂದ ಬಾಯಿಮಾತಿನ ಪೋಟ್ ಕಂತ್ರಾಟ, ಅಂದರೆ ಉಪಗುತ್ತಿಗೆ.

ಬ್ಯಾಂಕುಗಳ ಬಳಿ ಇದಕ್ಕೆ ಹಳೆಯ ಉಪಾಯವೊಂದಿದೆ. ಗುತ್ತೇದಾರ ತನ್ನ ಬಿಲ್ಲಿನ ಹಣ ಪಡೆಯುವ ಮುಖ್ತ್ಯಾರುಪತ್ರವನ್ನು ಬ್ಯಾಂಕಿಗೆ ಬರೆದುಕೊಡುತ್ತಾನೆ, ಇಲಾಖೆ ಅದನ್ನು ತನ್ನ ದಾಖಲೆಗೆ ಹತ್ತಿಸಿಕೊಂಡು ಹಣವನ್ನು ನೇರ ಬ್ಯಾಂಕಿಗೆ ಕಳಿಸುತ್ತದೆ. ಎಂ.ಬಿ.ಯಲ್ಲಿ ಬರೆದ ಅಳತೆಯೇ ಆಗ ಅಡಮಾನದ ಜಾಗದಲ್ಲಿ ನಿಲ್ಲುತ್ತದೆ. ದೊಡ್ಡ ಗುತ್ತೇದಾರರು ಇದರಿಂದಲೇ ಓವರ್‌ಡ್ರಾಫ್ಟ್ ಪಡೆಯುತ್ತಾರೆ. ಅದು ಸಂಖದ, ಉಮದಿಯ ಉಪಗುತ್ತೇದಾರನಿಗೂ ದಕ್ಕಬೇಕಾದರೆ ಮೇಲಿನ ಕಂಪನಿ ಅವನಿಗೆ ಬರೆದ ಕರಾರು ಕೊಡಬೇಕು, ಮಾಡಿದ ಕೆಲಸದ ಅಳತೆಗೆ ಸಹಿ ಹಾಕಬೇಕು, ಅವನ ಪಾಲಿನ ಹಣ ಯಾವ ಬ್ಯಾಂಕಿನ ಯಾವ ಖಾತೆಗೆ ಹೋಗಬೇಕೆಂದು ಕೆಲಸ ಶುರುವಾಗುವ ಮೊದಲೇ ಗೊತ್ತಾಗಿರಬೇಕು.